ರೈತರ ಮನೆಯ ಕಾರ್ಯಾಗಾರಕ್ಕೆ ಟಿಗ್ ಬೆಸುಗೆ ಯಂತ್ರ

ಬೆಸುಗೆಯ ಯಂತ್ರವನ್ನು ಕೊಳ್ಳಬೇಕೆಂದಿರುವ ರೈತನು ಅಂಗಡಿಗೆ ಹೋಗುವುದಕ್ಕೆ ಮೊದಲು ತನ್ನ ಕೊಟ್ಟಿಗೆಯ ಮೂಲೆಯಲ್ಲಿ ಮುರಿದು ಬಿದ್ದಿರುವ ಸಾಮಾನುಗಳನ್ನು ಒಮ್ಮೆ ಹೊರಕ್ಕೆ ತೆಗೆದು ನೋಡುವುದು ಯುಕ್ತವು. ಕುಂಟೆಯ ಕುಡ, ಟ್ರೇಲರಿನ ಕೊಂಡಿ, ಗೇಟಿನ ಚೌಕಟ್ಟು, ಇವೇ ಹೆಚ್ಚಾಗಿದ್ದ ಪಕ್ಷದಲ್ಲಿ ಅವನಿಗೆ ಬೇಕಾದುದು ಸಾಧಾರಣವಾದ ಕಡ್ಡಿ ಬೆಸುಗೆಯ ಯಂತ್ರವೇ ಹೊರತು ಟಿಗ್ ಯಂತ್ರವಲ್ಲ. ದಪ್ಪ ಕಬ್ಬಿಣದ ಕೆಲಸಕ್ಕೆ ಕಡ್ಡಿಯೇ ಅಗ್ಗ. ತುಸು ತುಕ್ಕು ಮಣ್ಣುಗಳನ್ನು ಅದು ಸಹಿಸುವುದು, ಹೊಲದ ಗಾಳಿಯಲ್ಲಿಯೂ ನಡೆಯುವುದು. ಸ್ಟೀಲ್ ಎಂದು ಜನರು ಕರೆಯುವ ತುಕ್ಕುಹಿಡಿಯದ ಉಕ್ಕಿನ ಹಾಲಿನ ಕ್ಯಾನು, ತೆಳು ತಗಡಿನ ತೊಟ್ಟಿ, ಸಣ್ಣ ಕೊಳವೆ ಮುಂತಾದವು ಪದೇಪದೇ ದುರಸ್ತಿಗೆ ಬರುತ್ತಿದ್ದರೆ ಮಾತ್ರ ಟಿಗ್ ಯಂತ್ರದ ಯೋಚನೆಯನ್ನು ಮಾಡತಕ್ಕದ್ದು.

ಈ ವಿಧಾನದಲ್ಲಿ ಟಂಗ್‌ಸ್ಟನ್ ಲೋಹದ ಸಣ್ಣ ಕಡ್ಡಿಯ ತುದಿಯಿಂದ ವಿದ್ಯುತ್ತಿನ ಜ್ವಾಲೆಯು ಹೊರಟು ಲೋಹವನ್ನು ಕರಗಿಸುವುದು. ಟಂಗ್‌ಸ್ಟನ್ ಸುಮಾರು 3,400 ಡಿಗ್ರಿ ಸೆಲ್ಸಿಯಸ್ ಶಾಖದವರೆಗೂ ಕರಗುವುದಿಲ್ಲವಾದುದರಿಂದ ಆ ಕಡ್ಡಿಯು ಬೆಸುಗೆಗೆ ಸೇರುವುದಿಲ್ಲ. ತುಂಬುವ ತಂತಿಯನ್ನು ಇನ್ನೊಂದು ಕೈಯಿಂದ ಕೊಡಬೇಕು. ಕರಗಿದ ಭಾಗಕ್ಕೆ ಗಾಳಿ ತಗುಲದಂತೆ ಆರ್ಗಾನ್ ಅನಿಲವು ಸುತ್ತಲೂ ಹರಿಯುತ್ತಿರುವುದು. 1940ರ ದಶಕದ ಮೊದಲಲ್ಲಿ ಅಮೆರಿಕಾ ದೇಶದ ನಾರ್ತ್ರಪ್ ವಿಮಾನ ಕಾರ್ಖಾನೆಯ ರಸೆಲ್ ಮೆರೆಡಿತ್ ಎಂಬುವರು ಮೆಗ್ನೀಸಿಯಂ ಲೋಹವನ್ನು ಬೆಸೆಯುವುದಕ್ಕಾಗಿ ಇದನ್ನು ರೂಢಿಗೆ ತಂದರು. ಆಗ ಹೀಲಿಯಂ ಅನಿಲವನ್ನು ಬಳಸುತ್ತಿದ್ದರು.

ಅಗ್ಗದ ಯಂತ್ರವನ್ನು ಕೊಂಡವರು ಪಶ್ಚಾತ್ತಾಪಪಡುವುದು ಬಹುಮಟ್ಟಿಗೆ ಒಂದೇ ಕಾರಣದಿಂದ. ಕಡಿಮೆ ಬೆಲೆಯ ಟಿಗ್ ಯಂತ್ರಗಳು ಸಾಮಾನ್ಯವಾಗಿ ಡಿ.ಸಿ. ಎಂಬ ಏಕಮುಖ ಪ್ರವಾಹವನ್ನು ಮಾತ್ರ ಕೊಡತಕ್ಕವು. ಇವುಗಳಿಂದ ಕಬ್ಬಿಣ, ಸ್ಟೀಲ್, ತಾಮ್ರಗಳನ್ನು ಬೆಸೆಯಬಹುದೇ ವಿನಾ ಅಲ್ಯೂಮಿನಿಯಮ್ಮನ್ನು ಬೆಸೆಯಲಾಗುವುದಿಲ್ಲ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿಯೇ ಕರಗುವುದಾದರೂ ಅದರ ಮೇಲಣ ಕಿಲುಬಿನ ಪೊರೆಯು 2,000 ಡಿಗ್ರಿಯನ್ನು ದಾಟಿದ ಹೊರತು ಕರಗುವುದಿಲ್ಲ. ಒಳಗೆ ನೀರಾದ ಲೋಹವು ಚೀಲದಲ್ಲಿದ್ದಂತೆ ಜೋತುಬಿದ್ದು ಕಡೆಗೆ ತೂತಾಗುವುದು. ಎ.ಸಿ. ಪ್ರವಾಹವು ದಿಕ್ಕನ್ನು ಬದಲಿಸುವಾಗಲೆಲ್ಲ ಆ ಪೊರೆಯನ್ನು ಒಡೆಯುವುದು. ಎ.ಸಿ. ಹಾಗೂ ಡಿ.ಸಿ. ಎರಡೂ ಉಳ್ಳ ಯಂತ್ರದ ಬೆಲೆಯು ಬಹಳ ಹೆಚ್ಚು. ವರ್ಷಕ್ಕೆ ಒಂದೆರಡು ಸಲ ಬರುವ ಅಲ್ಯೂಮಿನಿಯಂ ಕೆಲಸಕ್ಕಾಗಿ ಅಷ್ಟು ಹಣವನ್ನು ತೊಡಗಿಸುವುದಕ್ಕಿಂತ ಅದನ್ನು ಪೇಟೆಯ ಬೆಸುಗೆಗಾರನಿಗೆ ಕೊಡುವುದೇ ಲಾಭಕರ.

ಮೆದು ಉಕ್ಕಿನಲ್ಲಿ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪೇರ್ ಬೇಕೆಂದು ಹಿಡಿದರೆ 3 ಮಿಲಿಮೀಟರ್ ತಗಡಿಗೆ 120 ಆಂಪೇರ್ ಸಾಕಾಗುವುದು. ಆದುದರಿಂದ 160 ಆಂಪೇರಿನ ಯಂತ್ರವು ಮನೆಯ ಕೆಲಸಕ್ಕೆ ಧಾರಾಳ. ಮೇಲಣ ಸಂಖ್ಯೆಗಿಂತಲೂ ಅದರ ಪಕ್ಕದ ಶೇಕಡಾ ಲೆಕ್ಕವು ಮುಖ್ಯವಾದುದು. 60 ಶೇಕಡಾ ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಬೆಸೆದು ನಾಲ್ಕು ನಿಮಿಷ ಯಂತ್ರವನ್ನು ಆರಗೊಡಬೇಕೆಂದು ಅರ್ಥ. ಈ ಲೆಕ್ಕವು 40 ಡಿಗ್ರಿ ಶಾಖದಲ್ಲಿ ಕಂಡುದೋ 25 ಡಿಗ್ರಿಯಲ್ಲಿ ಕಂಡುದೋ ಎಂದು ಕೇಳಿ ತಿಳಿಯತಕ್ಕದ್ದು. ರಾಯಚೂರು ಕಲಬುರಗಿ ಸೀಮೆಯ ವೈಶಾಖದಲ್ಲಿ ಎರಡನೆಯದು ಕಾಗದದ ಲೆಕ್ಕವಾಗಿಯೇ ಉಳಿಯುವುದು. ಟಾರ್ಚಿನ ವಿಷಯದಲ್ಲಿಯೂ ಎಚ್ಚರವು ಬೇಕು. 200 ಆಂಪೇರಿನ ಯಂತ್ರದ ಜೊತೆಗೆ 150 ಆಂಪೇರ್ ಮಾತ್ರ ತಡೆಯತಕ್ಕ 17ನೆಯ ನಂಬರಿನ ಟಾರ್ಚನ್ನು ಇಟ್ಟು ಮಾರುವುದುಂಟು.

ವಿದ್ಯುತ್ತಿನ ಮಟ್ಟಿಗೆ ಟಿಗ್ ಯಂತ್ರವು ಮಿತವ್ಯಯಿ. 100 ಆಂಪೇರಿನಲ್ಲಿ ಜ್ವಾಲೆಗೆ ಸುಮಾರು 14 ವೋಲ್ಟ್, ಅಂದರೆ 1,400 ವಾಟ್ ಸಾಕು. ಯಂತ್ರದೊಳಗಣ ನಷ್ಟವನ್ನು ಸೇರಿಸಿದರೂ 16 ಆಂಪೇರಿನ ಮನೆಯ ಪ್ಲಗ್ಗು ತಾಳಿಕೊಳ್ಳುವುದು. ಅಷ್ಟೇ ಆಂಪೇರಿನ ಕಡ್ಡಿ ಬೆಸುಗೆಗೆ 24 ವೋಲ್ಟ್ ಬೇಕಾಗುವುದು. ಹಳ್ಳಿಗಳಲ್ಲಿ ಸಂಜೆಯ ಹೊತ್ತು ವೋಲ್ಟೇಜು ಇಳಿದಾಗ ಯಂತ್ರವು ನಿಂತುಹೋಗುವುದಾದ್ದರಿಂದ ಎಷ್ಟು ವೋಲ್ಟಿನವರೆಗೆ ನಡೆಯುವುದೆಂಬುದನ್ನು ಫಲಕದಲ್ಲಿ ನೋಡತಕ್ಕದ್ದು. ಸಣ್ಣ ತಂತಿಯನ್ನು ಉದ್ದಕ್ಕೆ ಎಳೆದು ಬಳಸಕೂಡದು.

ಖರ್ಚು ಯಂತ್ರದೊಡನೆ ಮುಗಿಯುವುದಿಲ್ಲ. ನಿಮಿಷಕ್ಕೆ 8 ಲೀಟರಿನಂತೆ ಹರಿಸಿದರೆ 7 ಘನಮೀಟರಿನ ದೊಡ್ಡ ಸಿಲಿಂಡರು ಹದಿನಾಲ್ಕು ಗಂಟೆಗಳಿಗೆ ಮಿಕ್ಕಿ ಬರುವುದು. ಒಂದೂವರೆ ಘನಮೀಟರಿನದು ಮೂರು ಗಂಟೆಗಳಲ್ಲಿ ಖಾಲಿ. ಸಿಲಿಂಡರು, ರೆಗ್ಯುಲೇಟರು, ಅದನ್ನು ತುಂಬಿಸುವ ಪೇಟೆಯ ದೂರ, ಇವನ್ನು ಲೆಕ್ಕಕ್ಕೆ ಹಿಡಿಯದೆ ಯಂತ್ರವನ್ನು ಕೊಳ್ಳುವುದು ಎತ್ತಿಲ್ಲದೆ ಗಾಡಿಯನ್ನು ಕೊಂಡಂತೆ. ಆರ್ಗಾನಿಗೆ ಬದಲಾಗಿ ಅಗ್ಗವೆಂದು ಇಂಗಾಲಾಮ್ಲವನ್ನು ಹರಿಸಿದರೆ ಟಂಗ್‌ಸ್ಟನ್ ಸುಟ್ಟು ಕೆಡುವುದು. ಟಾರ್ಚನ್ನು ಧನ ತುದಿಗೆ ಸೇರಿಸಿದರೂ ಅದೇ ಗತಿ, ಡಿ.ಸಿ. ಕೆಲಸದಲ್ಲಿ ಅದು ಋಣ ತುದಿಯಲ್ಲಿಯೇ ಇರಬೇಕು.

ಹಾಲಿನ ಕ್ಯಾನನ್ನು ಬೆಸೆಯುವಾಗ ಒಳಭಾಗಕ್ಕೂ ಆರ್ಗಾನನ್ನು ತುಂಬತಕ್ಕದ್ದು. ಹಾಗೆ ಮಾಡದಿದ್ದಲ್ಲಿ ಬೆಸುಗೆಯ ಹಿಂಬದಿಯು ಸಕ್ಕರೆಯ ಹರಳಿನಂತೆ ಒರಟಾಗಿ, ಎಷ್ಟು ತೊಳೆದರೂ ಹಾಲಿನ ಶೇಷವು ಅಲ್ಲಿ ನಿಂತು ಕ್ರಿಮಿಗಳು ಬೆಳೆಯುವುವು. ಹೊರಗಿನಿಂದ ಅಂದವಾಗಿ ಕಾಣುವ ಇಂತಹ ಕ್ಯಾನಿನಿಂದಲೇ ಹಾಲು ಒಡೆಯುವ ಸಂಭವವುಂಟು.

ಆರ್ಗಾನ್ ವಿಷವಲ್ಲ, ವಾಸನೆಯೂ ಇಲ್ಲ. ಆದರೆ ಗಾಳಿಗಿಂತ ಭಾರವಾದುದು. ಪಂಪಿನ ಗುಂಡಿಯಲ್ಲಿಯೋ ತೊಟ್ಟಿಯ ಒಳಗಡೆಯೋ ಇಳಿದು ಬೆಸೆದರೆ ಅದು ಕೆಳಗೆ ತುಂಬಿಕೊಂಡು ಉಸಿರಾಡುವ ಗಾಳಿಯನ್ನು ಹೊರದೂಡುವುದು. ಕೆಲಸಗಾರನು ತನಗೆ ಏನಾಗುತ್ತಿದೆಯೆಂದು ತಿಳಿಯುವುದರೊಳಗೆ ಪ್ರಜ್ಞೆ ತಪ್ಪುವನು. ಅವನನ್ನು ಎತ್ತಲು ಹಾಗೆಯೇ ಇಳಿದವನಿಗೂ ಅದೇ ಅಪಾಯ. ಸಾಧ್ಯವಾದ ಮಟ್ಟಿಗೆ ವಸ್ತುವನ್ನು ಬಿಚ್ಚಿ ಹೊರಕ್ಕೆ ತಂದೇ ಬೆಸೆಯತಕ್ಕದ್ದು. ಡೀಸೆಲ್ ಅಥವಾ ಕೀಟನಾಶಕವಿದ್ದ ಪೀಪಾಯಿಯನ್ನಂತೂ ತೊಳೆದಿದೆಯೆಂಬ ಧೈರ್ಯದಿಂದ ಬೆಸೆಯಲೇಕೂಡದು. ಸತುವಿನ ಲೇಪವುಳ್ಳ ಕೊಳವೆಯ ಹೊಗೆಯಿಂದ ರಾತ್ರಿ ಚಳಿಜ್ವರ ಬರುವುದುಂಟು. ಲೇಪವನ್ನು ಮೊದಲೇ ಉಜ್ಜಿ ತೆಗೆಯಬೇಕು.

ಕಲಿಯುವವರು ಕೊಂಡ ದಿನವೇ ಕ್ಯಾನಿಗೆ ಕೈಹಾಕದೆ 2 ಮಿಲಿಮೀಟರ್ ತಗಡಿನ ಚೂರುಗಳ ಮೇಲೆ, ತಂತಿಯನ್ನು ಕೊಡದೆ, ಕರಗಿದ ಬಿಂದುವನ್ನು ಒಂದೇ ಅಗಲದಲ್ಲಿ ನಡೆಸುವುದನ್ನು ಅಭ್ಯಾಸಮಾಡತಕ್ಕದ್ದು. ಜ್ವಾಲೆ ಆರಿದ ಮೇಲೆಯೂ ಅನಿಲವು ನಿಲ್ಲುವತನಕ ಟಾರ್ಚನ್ನು ಅಲ್ಲಿಂದ ಕದಲಿಸಬಾರದು.