ಲೂಪಿನೊಳಗಿನ ಕೂಡು ಚಿಹ್ನೆ

ಪ್ರೀತಿಯ ತಂಗೀ,

ಜಾವಾ ಕಲಿಯತೊಡಗಿದ್ದೀಯೆ. ಸ್ಟ್ರಿಂಗ್ ಜೋಡಿಸಲು + ಬೇಡ, ಸ್ಟ್ರಿಂಗ್‌ಬಿಲ್ಡರ್ ಬಳಸು ಎಂದು ಯಾರಾದರೂ ಹೇಳಿಯೇ ಇರುತ್ತಾರೆ. ಆ ಮಾತನ್ನು ಬಾಯಿಪಾಠ ಮಾಡಬೇಡ, ಅದರ ಹಿಂದಿನ ಲೆಕ್ಕ ಹಾಕಿ ನೋಡು.

ಜಾವಾದಲ್ಲಿ ಒಮ್ಮೆ ಹುಟ್ಟಿದ ಸ್ಟ್ರಿಂಗ್ ಮತ್ತೆ ಬದಲಾಗುವುದಿಲ್ಲ. ಇದು ಕೊರತೆಯಲ್ಲ. ಹಾಗಿರುವುದರಿಂದಲೇ ಏಕಕಾಲಕ್ಕೆ ಓಡುವ ಹಲವು ಥ್ರೆಡ್‌ಗಳು ಒಂದೇ ಸ್ಟ್ರಿಂಗನ್ನು ನಿರಾತಂಕವಾಗಿ ಹಂಚಿಕೊಳ್ಳಬಲ್ಲವು. ಆದರೆ ಕೊನೆಗೆ ಏನಾದರೂ ಸೇರಿಸಬೇಕೆಂದರೆ ಹಳೆಯದನ್ನೆಲ್ಲ ನಕಲು ಮಾಡಿ ಹೊಸದನ್ನೇ ಕಟ್ಟಬೇಕು. ಅಂಗಡಿಯ ಖಾತೆಗೆ ಒಂದು ಸಾಲು ಸೇರಿಸಲು ಇಡೀ ಪುಸ್ತಕವನ್ನು ಮತ್ತೆ ಬರೆದ ಹಾಗೆ.

50 ಕ್ಯಾರೆಕ್ಟರಿನ 10,000 ಸಾಲುಗಳನ್ನು ಲೂಪಿನಲ್ಲಿ + ಹಾಕುತ್ತ ಸೇರಿಸಿದೆ ಎಂದುಕೋ. ಕೈಗೆ ಬರುವುದು 5 ಲಕ್ಷ ಕ್ಯಾರೆಕ್ಟರ್, ಅದಕ್ಕಾಗಿ ಬರೆದದ್ದು 250 ಕೋಟಿ! ಸಾಲುಗಳು ಇಮ್ಮಡಿಯಾದರೆ ದುಡಿಮೆ ನಾಲ್ಮಡಿ. ಸ್ಟ್ರಿಂಗ್‌ಬಿಲ್ಡರ್ ಹಾಗಲ್ಲ. ಮೊದಲಿಗೆ 16 ಕ್ಯಾರೆಕ್ಟರಿನಷ್ಟು ಜಾಗ ಇಟ್ಟುಕೊಂಡು, ಸಾಲದಾದಾಗ ಹೆಚ್ಚುಕಡಿಮೆ ದುಪ್ಪಟ್ಟು ಮಾಡಿಕೊಳ್ಳುತ್ತದೆ. ನಡುವಿನ ನಕಲು, ಕೊನೆಗೆ ಸ್ಟ್ರಿಂಗ್ ಆಗಿಸುವ ಟುಸ್ಟ್ರಿಂಗ್ ಎಲ್ಲ ಸೇರಿದರೂ 20 ಲಕ್ಷ ದಾಟುವುದಿಲ್ಲ. ಗಾತ್ರದ ಅಂದಾಜಿದ್ದರೆ ಮೊದಲೇ ಹೇಳಿಬಿಡು, ನಡುವಿನ ನಕಲೂ ತಪ್ಪುತ್ತದೆ.

ಹಾಗೆಂದು ಎಲ್ಲೆಂದರಲ್ಲಿ ಬಿಲ್ಡರ್ ತುರುಕಬೇಡ. ಒಂದೇ ಸಾಲಿನಲ್ಲಿ ಹೆಸರು, ಊರು, ವಯಸ್ಸು ಕೂಡಿಸಲು + ಸಾಕು. ಅದನ್ನು ಕಂಪೈಲರೇ ನೋಡಿಕೊಳ್ಳುತ್ತದೆ. ಅಲ್ಪವಿರಾಮ ಹಾಕಿ ಪಟ್ಟಿ ಜೋಡಿಸಲು ಜಾವಾ 8ರಿಂದ ಜಾಯಿನ್ ಇದೆ. ಹಳೆಯ ಕೋಡಿನಲ್ಲಿ ಬಿಲ್ಡರಿನ ಬದಲು ಸ್ಟ್ರಿಂಗ್‌ಬಫರ್ ಕಂಡೀತು. ಅದು ಪ್ರತಿ ಅಪೆಂಡಿಗೂ ಬೀಗ ಹಾಕಿ ತೆಗೆಯುತ್ತದೆ. ಒಂದೇ ಥ್ರೆಡ್ಡಿನ ಕೆಲಸಕ್ಕೆ ಬೀಗವೇಕೆ? 2004ರಲ್ಲಿ ಜಾವಾ 5ರ ಜೊತೆ ಬಿಲ್ಡರ್ ಬಂದದ್ದು ಅದಕ್ಕೇ.

ಕನ್ನಡ ಪಠ್ಯ ಕಟ್ಟುವಾಗ ಇನ್ನೊಂದು ಎಚ್ಚರ ಬೇಕು. ‘ಕನ್ನಡ’ ನಮಗೆ ಮೂರಕ್ಷರ, ಜಾವಾಕ್ಕೆ 5 ಕ್ಯಾರೆಕ್ಟರ್. ಪದವೊಂದರ ಕೊನೆಯ ಒಂದು ಕ್ಯಾರೆಕ್ಟರ್ ಅಳಿಸಿದರೆ ಗುಣಿತಾಕ್ಷರದ ಸ್ವರಚಿಹ್ನೆಯಷ್ಟೇ ಹೋಗಿ ಪದ ಕೆಡಬಹುದು. ಪಠ್ಯವನ್ನು ಹಿಂದುಮುಂದಾಗಿಸುವ ಬಿಲ್ಡರಿನ ರಿವರ್ಸಿಗೂ ನಮ್ಮ ಒತ್ತಕ್ಷರಗಳು ತಿಳಿಯವು.

ವೇಗದ ಮಾತು ಬಂದಾಗಲೆಲ್ಲ ಎರಡೇ ಪ್ರಶ್ನೆ ಕೇಳಿಕೋ: ಈ ಸಾಲು ಎಷ್ಟು ಸಲ ಓಡುತ್ತದೆ? ಪ್ರತಿ ಸಲ ಎಷ್ಟು ನಕಲಾಗುತ್ತದೆ? ಎರಡರ ಉತ್ತರವೂ ಚಿಕ್ಕದಾಗಿದ್ದರೆ, ಓದಲು ಸುಲಭವಾದ ಕೋಡನ್ನೇ ಬರೆ.

ಇಂತಿ,
ನಿನ್ನ ಅಣ್ಣ