ತೀರ್ಥಹಳ್ಳಿಯಲ್ಲಿ ಎರಡು ಊಟ

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರುಗಳ ಹಾದಿ. ಗಾಜನೂರಿನ ಅಣೆಕಟ್ಟನ್ನೂ ಸಕ್ರೆಬೈಲಿನ ಆನೆ ಬಿಡಾರವನ್ನೂ ದಾಟಿದ ಬಳಿಕ ಬಯಲುಸೀಮೆಯ ಬೆಳಕು ಕುಗ್ಗಿ, ರಸ್ತೆಯ ಇಕ್ಕೆಲಗಳಲ್ಲಿಯೂ ಕಾಡು ಒತ್ತಿಕೊಂಡು ಬರುತ್ತದೆ. ಮರಗಳ ಸಂದಿನಲ್ಲಿ ಆಗಾಗ ತುಂಗೆ ಮಿಂಚಿ ಮರೆಯಾಗುತ್ತಾಳೆ. ನಡುದಾರಿಯಲ್ಲಿ ಮಂಡಗದ್ದೆ. ಅಲ್ಲಿ ಹೊಳೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡುಕಟ್ಟಿ ಮರಿಮಾಡುತ್ತವೆ. ಆತುರದ ಪ್ರವಾಸಿಗರು ಇದನ್ನು ನೋಡಿ, ತೀರ್ಥಹಳ್ಳಿಯಲ್ಲಿ ಚಹಾ ಕುಡಿದು, ಆಗುಂಬೆಯ ಸೂರ್ಯಾಸ್ತ ತಪ್ಪಿಹೋಗದಂತೆ ಧಾವಿಸುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಧಾವಿಸಿದವನು. ಆ ಊರಿನಲ್ಲಿ ಇಳಿದು ಉಂಡದ್ದು ಎರಡೇ ಸಲ. ನಾನು ಹೇಳಹೊರಟಿರುವುದು ಆ ಎರಡು ಊಟಗಳ ವಿಷಯ.

ಊರು ದೊಡ್ಡದಲ್ಲ. ತುಂಗೆಯ ದಡದಲ್ಲಿ ಹಬ್ಬಿದ ಒಂದು ಪೇಟೆ, ಮೈಸೂರು ಅರಸರ ಆಡಳಿತದ ಕೊನೆಯ ವರ್ಷಗಳಲ್ಲಿ ಕಟ್ಟಿದ ಕಮಾನು ಸೇತುವೆ, ಸೇತುವೆಯಾಚೆ ಕುರುವಳ್ಳಿ. ಹೊಳೆಯ ನಡುವೆ ಬಂಡೆಗಳ ಮೇಲೆ ಒಂದು ಕಲ್ಲಿನ ಮಂಟಪವಿದೆ. ಅದನ್ನು ರಾಮಮಂಟಪವೆನ್ನುತ್ತಾರೆ. ಪರಶುರಾಮನು ತನ್ನ ಕೊಡಲಿಗಂಟಿದ ನೆತ್ತರನ್ನು ಎಲ್ಲೆಲ್ಲಿಯೋ ತೊಳೆದರೂ ಹೋಗದೆ, ಇಲ್ಲಿಯ ನೀರಿನಲ್ಲಿ ತೊಳೆದಾಗ ಹೋಯಿತೆಂಬುದು ಸ್ಥಳಪುರಾಣ. ಊರಿಗೆ ತೀರ್ಥದ ಹೆಸರು ಬಂದದ್ದೂ ಆದುದರಿಂದಲೇ ಎನ್ನುತ್ತಾರೆ. ಇಂದಿನ ಜನಕ್ಕೆ ಆ ಮಂಟಪದಿಂದ ಇನ್ನೊಂದು ಉಪಯೋಗವಿದೆ. ಆಷಾಢದ ಮಳೆಯಲ್ಲಿ ಅದು ಎಷ್ಟು ಮುಳುಗಿದೆಯೆಂಬುದೇ ಅವರಿಗೆ ಪ್ರವಾಹದ ಅಳತೆ. “ಗಂಗಾಸ್ನಾನ, ತುಂಗಾಪಾನ” ಎಂಬ ಮಾತನ್ನು ಕೇಳಿದ್ದ ನಾನು ಮೊದಲ ಸಲ ಸೇತುವೆಯ ಮೇಲೆ ನಿಂತು ನೋಡಿದಾಗ ಹೊಳೆ ಕೆಂಪಗೆ ಉಕ್ಕುತ್ತಿತ್ತು. ಕುಡಿಯುವ ಧೈರ್ಯ ಬರಲಿಲ್ಲ.

ಅಂದು ನನ್ನನ್ನು ಕರೆದೊಯ್ದವರು ಊರಿನಿಂದ ಮೂರು ಮೈಲಿ ದೂರದ ಹಳ್ಳಿಯೊಂದರ ಗೆಳೆಯರು. ಗದ್ದೆಯಂಚಿನಲ್ಲಿ ನಡೆಯುವಾಗ ಇಂಬಳಗಳು ಕಾಲನ್ನು ಹಿಡಿದವು. ಅವರು ನಗುತ್ತಾ ಸುಣ್ಣ ಸವರಿ ಬಿಡಿಸಿದರು. ಮನೆ ಸೇರಿದಾಗ ಒಲೆಯ ಮುಂದೆ ಅವರ ಅಜ್ಜಿ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಬಾಳೆಯೆಲೆಯ ಮೇಲೆ ರೊಟ್ಟಿ, ಕಳಲೆಯ ಪಲ್ಯ, ಪತ್ರೊಡೆ, ಒಂದೆಲಗದ ತಂಬುಳಿ, ಮಿಡಿಯುಪ್ಪಿನಕಾಯಿ ಬಂದವು. ಇವುಗಳಲ್ಲಿ ಯಾವುದೂ ಪೇಟೆಯಿಂದ ಬಂದುದಲ್ಲ. ಕಳಲೆಯೆಂದರೆ ಮಳೆ ಹಿಡಿದೊಡನೆ ಬಿದಿರು ಮೆಳೆಯಲ್ಲಿ ನೆಲವನ್ನೊಡೆದು ಬರುವ ಎಳೆಯ ಮೊಳಕೆ. ಅದರಲ್ಲಿ ಸಯನೈಡ್ ವಿಷವನ್ನು ಹುಟ್ಟಿಸುವ ಒಂದು ವಸ್ತುವಿದೆಯೆಂದು ರಸಾಯನ ವಿಜ್ಞಾನಿಗಳು ಹೇಳುತ್ತಾರೆ. ಮಲೆನಾಡಿನ ಹೆಂಗಸರು ಅದರ ಹೆಸರನ್ನು ಕೇಳಿದವರಲ್ಲ. ಆದರೆ ಕಳಲೆಯನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಎರಡು ಮೂರು ದಿನ ನೀರು ಬದಲಿಸಿ, ಆಮೇಲೆ ಬೇಯಿಸುವುದನ್ನು ಮಾತ್ರ ತಪ್ಪಿಸುವುದಿಲ್ಲ. ಪತ್ರೊಡೆಯ ಕೆಸುವಿನ ಎಲೆಯದೂ ಇಂಥದೇ ಕಥೆ. ಎಲೆಯೊಳಗಿನ ಸೂಜಿಯಂಥ ಸೂಕ್ಷ್ಮ ಹರಳುಗಳಿಂದ ಗಂಟಲು ತುರಿಸುತ್ತದೆ. ಆದುದರಿಂದ ಅರೆಯುವ ಹಿಟ್ಟಿಗೆ ಹುಣಿಸೆಯ ಹುಳಿ ಧಾರಾಳವಾಗಿ ಬೀಳಬೇಕು, ಉಗಿಯಲ್ಲಿ ಚೆನ್ನಾಗಿ ಬೇಯಬೇಕು. ಮಿಡಿಯಂತೂ ಮರ ಹತ್ತಿ ತೊಟ್ಟಿನೊಡನೆ ಕೊಯ್ದದ್ದೇ ಆಗಬೇಕು. ನೆಲಕ್ಕೆ ಬಿದ್ದು ಪೆಟ್ಟಾದದ್ದು ಭರಣಿಯಲ್ಲಿ ಕೊಳೆಯುತ್ತದೆ. ತೊಟ್ಟಿನ ಸೊನೆಯೊಡನೆ ಉಪ್ಪಿಗೆ ಬಿದ್ದದ್ದು ವರ್ಷಗಟ್ಟಲೆ ಕೆಡುವುದಿಲ್ಲ. ಪಾಕಶಾಸ್ತ್ರದ ಯಾವ ಪುಸ್ತಕವೂ ಇಲ್ಲದ ಆ ಅಡುಗೆಮನೆಯಲ್ಲಿ ಇಷ್ಟೊಂದು ವಿದ್ಯೆ ಇದೆಯೆಂದು ನಾನು ಎಣಿಸಿರಲಿಲ್ಲ.

ಮಳೆ ಸ್ವಲ್ಪ ಹೊಳವಾದಾಗ ಗೆಳೆಯರು ಜಗಲಿಯಲ್ಲಿ ನಿಂತು ಕಣಿವೆಯನ್ನು ತೋರಿಸಿದರು. ಗುಡ್ಡದ ನೆತ್ತಿಯಲ್ಲಿ ಕಾಡು. ಅದರ ಕೆಳಗೆ ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಹಸಿರು ಸೊಪ್ಪನ್ನೂ ದರಗನ್ನೂ ತರುವುದು ಅಲ್ಲಿಂದ. ಅದರ ಕೆಳಗೆ, ಗಾಳಿ ಬಿಸಿಲುಗಳ ಹೊಡೆತ ತಾಗದ ಕಣಿವೆಯ ಮಡಿಲಿನಲ್ಲಿ ಅಡಿಕೆಯ ತೋಟ. ಅಡಿಕೆಯ ನೆರಳಿನಲ್ಲಿ ಬಾಳೆ, ಮರಗಳಿಗೆ ಹಬ್ಬಿದ ಮೆಣಸು, ವೀಳ್ಯದೆಲೆ, ಅಲ್ಲಲ್ಲಿ ಏಲಕ್ಕಿ. ಎಲ್ಲಕ್ಕಿಂತ ತಗ್ಗಿನಲ್ಲಿ, ಮೇಲಿನ ನೀರೆಲ್ಲ ಬಂದು ನಿಲ್ಲುವೆಡೆ, ಭತ್ತದ ಗದ್ದೆ. ನಾನು ಆಗತಾನೆ ಉಂಡ ಎಲೆಯೂ ಇದೇ ಕಣಿವೆಯ ನಕ್ಷೆಯೆಂದು ಆಗ ಹೊಳೆಯಿತು: ಮೆಳೆಯಿಂದ ಕಳಲೆ, ತೋಟದಿಂದ ಬಾಳೆಯೆಲೆ, ತೋಟದ ಕಾಲುವೆಯಂಚಿನಿಂದ ಒಂದೆಲಗ, ಗದ್ದೆಯಿಂದ ಅಕ್ಕಿ.

ಎರಡನೆಯ ಸಲ ನಾನು ಹೋದದ್ದು ಎಳ್ಳಮಾವಾಸ್ಯೆಯ ಜಾತ್ರೆಗೆ. ಹೊಳೆ ಆಗ ತಿಳಿಯಾಗಿ, ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಅಮಾವಾಸ್ಯೆಯ ಬೆಳಗ್ಗೆ ಸಾವಿರಾರು ಜನ ರಾಮಕುಂಡದಲ್ಲಿ ಮೀಯುತ್ತಾರೆ. ಮರುದಿನ ರಾಮೇಶ್ವರನ ರಥ. ಮೂರನೆಯ ರಾತ್ರಿ ತುಂಗೆಯಲ್ಲಿ ದೀಪಗಳ ನಡುವೆ ತೆಪ್ಪೋತ್ಸವ. ಕತ್ತಲೆಯ ನೀರಿನ ಮೇಲೆ ತೆಪ್ಪ ನಿಧಾನವಾಗಿ ಬರುವಾಗ ದಡದ ಗದ್ದಲವೆಲ್ಲ ಒಂದು ಗಳಿಗೆ ತಾನಾಗಿ ಅಡಗಿದ್ದನ್ನು ನಾನು ಮರೆತಿಲ್ಲ.

ಜಾತ್ರೆಯ ಕಾಲವೇ ಅಡಿಕೆಯ ಸುಗ್ಗಿಯ ಕಾಲ. ಇದನ್ನು ನೋಡದೆ ತೀರ್ಥಹಳ್ಳಿಯನ್ನು ನೋಡಿದೆನೆನ್ನುವುದು ಸರಿಯಲ್ಲ. ಕೊನೆಗಾರನು ನುಣ್ಣನೆಯ ಮರವನ್ನು ಸರಸರನೆ ಏರಿ, ಕೊನೆ ಕೊಯ್ದು, ನೆಲಕ್ಕಿಳಿಯದೆಯೇ ಬಾಗಿ ಪಕ್ಕದ ಮರವನ್ನು ಹಿಡಿದುಕೊಳ್ಳುತ್ತಾನೆ. ನೋಡುವವರ ಎದೆ ನಡುಗುತ್ತದೆ. ಮರ ಹತ್ತಬಲ್ಲವರು ವಿರಳವಾಗುತ್ತಿರುವುದರಿಂದ ಈಗ ಉದ್ದನೆಯ ಹಗುರ ದೋಟಿಯಿಂದ ನೆಲದಲ್ಲೇ ನಿಂತು ಕೊಯ್ಯುವ ರೂಢಿಯೂ ಬಂದಿದೆ. ರಾತ್ರಿ ಅಂಗಳದಲ್ಲಿ ದೀಪದ ಬೆಳಕಿನಲ್ಲಿ ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುತ್ತಾರೆ; ಯಂತ್ರ ಬಂದ ಮನೆಗಳಲ್ಲಿ ಈ ಮಾತುಕತೆಯ ರಾತ್ರಿಗಳು ಕಡಿಮೆಯಾಗಿವೆ. ಸುಲಿದುದನ್ನು ಹಂಡೆಯಲ್ಲಿ ಚೊಗರಿನೊಡನೆ ಬೇಯಿಸಿ, ಚಪ್ಪರದ ಮೇಲೆ ಒಣಗಿಸಿ, ಹಸ, ಬೆಟ್ಟೆ, ಇಡಿ, ಗೊರಬಲು ಎಂದು ಬೇರ್ಪಡಿಸುತ್ತಾರೆ. ಇಷ್ಟಾಗಬೇಕಾದರೆ ಮಳೆಗಾಲದಲ್ಲಿ ಕೊಳೆರೋಗದಿಂದ ಕೊನೆಗಳು ಉಳಿದಿರಬೇಕು. ಅದಕ್ಕಾಗಿಯೇ ಮಳೆಗೆ ಮುನ್ನ ಮೈಲುತುತ್ತ ಸುಣ್ಣಗಳ ದ್ರಾವಣ ಸಿಂಪಡಿಸುವುದು. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿ ತೋಟಗಾರರ ನಿದ್ದೆ ಕೆಡಿಸಿದೆ.

ಆದರೆ ಈ ಕಣಿವೆಯ ಹೆಸರಾಂತ ಬೆಳೆಯನ್ನು ನೋಡಬೇಕೇ ಹೊರತು ತಿನ್ನಬಾರದು. ತಂಬಾಕಿಲ್ಲದೆ ಅಡಿಕೆಯೊಂದನ್ನೇ ಅಗಿದರೂ ಬಾಯಿಯ ಕ್ಯಾನ್ಸರಿಗೆ ದಾರಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವರದಿಯು 2004ರಲ್ಲಿ ಸಾರಿತು. ನಾನು ಇದನ್ನು ಜಗಲಿಯಲ್ಲಿ ಸಂಕೋಚದಿಂದಲೇ ಹೇಳಿದೆ. ಗೆಳೆಯರು ಸುಲಿಯುತ್ತಿದ್ದ ಅಡಿಕೆಯಿಂದ ತಲೆಯೆತ್ತಲಿಲ್ಲ. “ಗೊತ್ತುಂಟು. ಮಕ್ಕಳ ಶಾಲೆಯ ಫೀಜು, ಆಸ್ಪತ್ರೆಯ ಖರ್ಚು, ಎಲ್ಲ ಇದರಿಂದಲೇ ಬರುವುದು” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನಡುವೆ ಎರಡು ದಿನ ಸುತ್ತಾಡಿದೆವು. ಕೊಪ್ಪದ ದಾರಿಯಲ್ಲಿ ಸಿಗುವ ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಿಕರ ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. ಹಿಂದಿನ ಗುಡ್ಡದ ಮೇಲೆ ಕವಿಶೈಲ. 1994ರಲ್ಲಿ ತೀರಿಕೊಂಡ ಕವಿಯ ಸಮಾಧಿಯೂ ಅಲ್ಲಿಯೇ ಇದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಬರುವ ಮೇಗರವಳ್ಳಿ ಆಗುಂಬೆಯ ದಾರಿಯಲ್ಲಿ ಇಂದಿಗೂ ಬಸ್ಸು ನಿಲ್ಲುವ ಊರು. ಕುಂದಾದ್ರಿಯ ಪಾರ್ಶ್ವನಾಥ ಬಸದಿ, ಕೆಳದಿಯ ನಾಯಕರ ಕವಲೇದುರ್ಗ, ದೇವರ ಹೆಸರಿನಲ್ಲಿ ಮೀನುಗಳನ್ನು ಕಾಯುವ ಚಿಬ್ಬಲಗುಡ್ಡೆ, ಇವನ್ನು ನೋಡಲು ದಾರಿ ಸುಲಭ; ವರ್ಣಿಸುವ ಪುಸ್ತಕಗಳೂ ಬೇಕಾದಷ್ಟಿವೆ. ಜನವರಿಯಿಂದ ಮಳೆ ಹಿಡಿಯುವವರೆಗೆ ಕಾಡಿನೊಳಗೆ ಅಲೆಯುವವರು ಮಾತ್ರ ಉಣುಗುಗಳ ವಿಷಯದಲ್ಲಿ ಎಚ್ಚರದಿಂದಿರಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಅವೇ.

ಹೊರಡುವ ದಿನ ಮಧ್ಯಾಹ್ನ ಕಡುಬು ಮತ್ತು ಕೋಳಿಸಾರು. ಅಕ್ಕಿಯ ತರಿಯನ್ನು ಕುದಿನೀರಿನಲ್ಲಿ ಕೂಡಿಸಿ, ಉಂಡೆ ಕಟ್ಟಿ, ಉಗಿಯಲ್ಲಿ ಬೇಯಿಸಿದ ಬೆಳ್ಳನೆಯ ಕಡುಬುಗಳು. ನಾನು ಎರಡಕ್ಕೆ ಕೈತೊಳೆಯಹೊರಟಾಗ ಅಜ್ಜಿ, “ಎಂಥದು ಮಾರಾಯ್ರೇ, ಹಕ್ಕಿ ಉಂಡ ಹಾಗೆ! ನಮ್ಮ ಗದ್ದೆಯ ಅಕ್ಕಿ, ಇನ್ನೊಂದು ಹಾಕಿಕೊಳ್ಳಿ” ಎಂದು ಬಡಿಸಿಯೇಬಿಟ್ಟರು.

ನಮ್ಮ ಗದ್ದೆಯೆಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಬರುವ ದಾರಿಯಲ್ಲಿ ನಾನು ಕಂಡಿದ್ದ ತಗ್ಗುಗಳಲ್ಲೆಲ್ಲ ಎಳೆಯ ಅಡಿಕೆ ಸಸಿಗಳು ನಿಂತಿದ್ದವು. ಭತ್ತದಿಂದ ಗೇಯ್ಮೆಯ ಖರ್ಚೂ ಹುಟ್ಟುವುದಿಲ್ಲವೆಂದು ಜನ ಗದ್ದೆಗಳಿಗೆ ಬಸಿಗಾಲುವೆ ತೆಗೆದು ತೋಟ ಮಾಡುತ್ತಿದ್ದಾರೆ. ಹಾಗಾದರೆ ಈ ಮನೆಯಲ್ಲಿ ಅದೇಕೆ ಉಳಿಯಿತೆಂದು ಕೇಳಿದೆ.

ಅಜ್ಜಿ ಮಣೆಯನ್ನೆಳೆದುಕೊಂಡು ಕುಳಿತರು. ಅವರು ಮದುವೆಯಾಗಿ ಬಂದಾಗ ಆ ಗದ್ದೆ ಒಡೆಯರದು, ಇವರು ಗೇಣಿದಾರರು. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಒಡೆಯರದೇ ಆಗಿತ್ತು, ಅದರ ಗಾತ್ರವೂ ಅವರಿಗೇ ಗೊತ್ತಿತ್ತು. ಅದೇ ಕೊಳಗದ ಜಗಳದಿಂದಲೇ 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹವಾಗಿ, ಇದೇ ತೀರ್ಥಹಳ್ಳಿ ತಾಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಅದರ ಮುಂದಾಳಾಗಿದ್ದರು. 1974ರಲ್ಲಿ ಭೂಸುಧಾರಣೆಯ ಕಾನೂನು ಜಾರಿಗೆ ಬಂದಾಗ ಅಜ್ಜಿಯ ಯಜಮಾನರು ಡಿಕ್ಲರೇಷನ್ ಹಾಕಿ, ಭೂನ್ಯಾಯ ಮಂಡಳಿಯ ಬಾಗಿಲಿಗೆ ವರ್ಷಗಟ್ಟಲೆ ಅಲೆದು, ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು.

“ಉಳಿದದ್ದೆಲ್ಲ ತೋಟ ಮಾಡಿಕೊಳ್ಳಿ ಅಂದೆ. ಮಕ್ಕಳು ಬದುಕಬೇಕಲ್ಲ. ಆ ಒಂದು ಎಕರೆ ಮಾತ್ರ ಮುಟ್ಟಬೇಡಿ ಅಂದೆ. ಅಡಿಕೆ ಬೇಯಿಸಿ ಉಣ್ಣಲಿಕ್ಕೆ ಆಗ್ತದಾ ಮಾರಾಯ್ರೇ?”

ಗೆಳೆಯರು ನನ್ನ ಕಡೆ ನೋಡಿ, ಮುಂದಿನ ವರ್ಷದ ನಾಟಿಗೆ ಆಳು ಸಿಗುವುದೇ ಅನುಮಾನವೆಂದು ಮೆಲ್ಲಗೆ ಹೇಳಿದರು. ಅಜ್ಜಿಗೆ ಅದು ಕೇಳಿಸಿತೋ ಇಲ್ಲವೋ, ಮಿಡಿಯ ಸಣ್ಣ ಭರಣಿಯೊಂದಕ್ಕೆ ಬಟ್ಟೆ ಬಿಗಿದು ನನ್ನ ಕೈಗಿತ್ತು, ಗದ್ದೆಯ ಬದುವಿನವರೆಗೂ ನನ್ನೊಡನೆ ಬಂದರು.