ಹುಲ್ಲು ನೋಡಿಕೊಂಡು ಬಾ, ಪುಟ್ಟಿ

ಅಂತರಘಟ್ಟೆ
ಕಾರಹುಣ್ಣಿಮೆ ಕಳೆದ ಮೂರನೆಯ ದಿನ

ಚಿ. ಪುಟ್ಟಿಗೆ,

ಈರುಳ್ಳಿ ಬಿತ್ತನೆ ಮುಗಿದಿದೆ, ಒಂದು ಹದ ಮಳೆಗಾಗಿ ಮುಗಿಲು ನೋಡುತ್ತಾ ಕೂತಿದ್ದೇವೆ. ಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿದೆವು. ಬಣ್ಣ ಹಚ್ಚಿದ್ದು ನಾನೇ. ಕೈ ನಡುಗಿದರೂ ಆ ಕೆಲಸ ಇನ್ನೊಬ್ಬರಿಗೆ ಬಿಟ್ಟುಕೊಡಲು ಮನಸ್ಸು ಬಾರದು.

ಆಗಸ್ಟಿನಲ್ಲಿ ಕೀನ್ಯಾದ ಮಸಾಯ್ ಮಾರಾಕ್ಕೆ ಹೊರಟಿದ್ದೇನೆ, ಅದಕ್ಕಾಗಿಯೇ ಎರಡು ವರ್ಷದಿಂದ ಸಂಬಳದಲ್ಲಿ ಉಳಿಸಿಟ್ಟಿದ್ದೆ ಎಂದು ನೀನು ಫೋನಿನಲ್ಲಿ ಹೇಳಿದೆಯಲ್ಲ, ನಿನ್ನ ಅಜ್ಜಿಗೆ ಹೆದರಿಕೆ. ಸಿಂಹ ಇರುವ ಕಡೆ ಈ ಕೂಸಿಗೇನು ಕೆಲಸ ಎಂದು ನಮ್ಮೂರ ದುರ್ಗಾಂಬೆಗೆ ಹರಕೆ ಹೊತ್ತಿದ್ದಾಳೆ. ನನಗೆ ಆ ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವನು ನಾನು. ಗೋಡೆಯ ಭೂಪಟದ ಮೇಲೆ ಬೆತ್ತದ ತುದಿ ಇಟ್ಟು "ಇದು ಸವನ್ನಾ ಹುಲ್ಲುಗಾವಲು" ಎಂದು ತೋರಿಸುತ್ತಿದ್ದ ಜಾಗಕ್ಕೆ ನನ್ನ ಮೊಮ್ಮಗಳು ಕಾಲಿಡುತ್ತಾಳೆ! ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಉಳಿಯುವ ಮಾತುಗಳಿವೆ, ಅದಕ್ಕೇ ಈ ಕಾಗದ.

ಮೊದಲು ಅಗತ್ಯದ್ದು ಹೇಳಿಬಿಡುತ್ತೇನೆ. ಯೆಲ್ಲೋ ಫೀವರ್ ಲಸಿಕೆಯನ್ನು ಹೊರಡುವುದಕ್ಕೆ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊ. ಅದರ ಹಳದಿ ಕಾರ್ಡು ಇಲ್ಲದೆ ವಾಪಸು ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಆರು ದಿನ ಬೇರೆ ಇಡುತ್ತಾರೆ. ಆ ಲಸಿಕೆ ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ, ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ಕೊನೆಯ ವಾರಕ್ಕೆ ಬಿಡಬೇಡ. ಮಲೇರಿಯಾ ಮಾತ್ರೆಯ ವಿಚಾರ ಡಾಕ್ಟರನ್ನು ಕೇಳು. ಕಪ್ಪು, ಕಡುನೀಲಿ ಬಟ್ಟೆ ಬೇಡ, ಆ ಬಣ್ಣಕ್ಕೆ ಅಲ್ಲಿನ ಸೆಟ್ಸೆ ನೊಣ ಹುಡುಕಿಕೊಂಡು ಬರುತ್ತದೆ. ಪ್ಲಾಸ್ಟಿಕ್ ಚೀಲ ಒಯ್ಯಬೇಡ, ಕೀನ್ಯಾ ದೇಶ 2017ರಲ್ಲೇ ಅದನ್ನು ನಿಷೇಧಿಸಿದೆ. ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಸ್ವೆಟರು ಬಿಟ್ಟು ಹೋಗಬೇಡ. ಮಾರಾ ಇರುವುದು ನಮ್ಮ ಕೆಮ್ಮಣ್ಣುಗುಂಡಿಗಿಂತ ಎತ್ತರದಲ್ಲಿ. ಬೆಳಗಿನ ಜಾವ ತೆರೆದ ಜೀಪಿನಲ್ಲಿ ಹಲ್ಲು ಕಟಕಟ ಎನ್ನುತ್ತದೆ.

ಇನ್ನು ನಾನು ಹೇಳಬೇಕೆಂದಿದ್ದ ಮಾತು. ನೀನು ಅಲ್ಲಿಗೆ ಹೋಗಿ ಮೊದಲು ನೋಡಬೇಕಾದ್ದು ಸಿಂಹವಲ್ಲ ಮಗಾ, ಹುಲ್ಲು.

ಮಾರಾ 1,510 ಚದರ ಕಿಲೋಮೀಟರು. ಅದಕ್ಕೆ ಅಂಟಿಕೊಂಡು ಟಾಂಜಾನಿಯಾದ ಕಡೆ ಇರುವ ಸೆರೆಂಗೆಟಿ 14,763. ನಮ್ಮ ಇಡೀ ಚಿಕ್ಕಮಗಳೂರು ಜಿಲ್ಲೆಯಂಥವು ಎರಡು ಸೇರಿದರೆ ಸೆರೆಂಗೆಟಿ. ಅಷ್ಟು ದೊಡ್ಡ ಬಯಲಿನಲ್ಲಿ ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾಗಳು ವರ್ಷವಿಡೀ ನಡೆಯುತ್ತಲೇ ಇರುತ್ತವೆ. ಮಳೆ ಎಲ್ಲಿ ಬಿತ್ತು, ಹುಲ್ಲು ಎಲ್ಲಿ ಚಿಗುರಿತು, ಅಲ್ಲಿಗೆ. ದಕ್ಷಿಣದ ನೆಲ ಜ್ವಾಲಾಮುಖಿಯ ಬೂದಿಯಿಂದ ಆದದ್ದು, ಅಲ್ಲಿನ ಗಿಡ್ಡ ಹುಲ್ಲಿನಲ್ಲಿ ಬಾಣಂತಿ ಪ್ರಾಣಿಗೆ ಬೇಕಾದ ಖನಿಜ ತುಂಬಿರುತ್ತದೆ. ಅದಕ್ಕೇ ಫೆಬ್ರವರಿ ಹೊತ್ತಿಗೆ ಅವು ಅಲ್ಲಿ ಸೇರಿ ಮರಿ ಹಾಕುತ್ತವೆ. ಆ ನೆಲ ಒಣಗಿದ ಮೇಲೆ ಉತ್ತರಕ್ಕೆ ನಡೆದು ಜುಲೈಯಿಂದ ಅಕ್ಟೋಬರಿನವರೆಗೆ ಮಾರಾದಲ್ಲಿರುತ್ತವೆ. ನದಿ ದಾಟುವಾಗ ಮೊಸಳೆ ಹಿಡಿಯುವುದನ್ನು ಟಿವಿಯವರು ಮತ್ತೆ ಮತ್ತೆ ತೋರಿಸುತ್ತಾರೆ. ಆ ಪ್ರಾಣಿಗಳೆಲ್ಲ ನದಿಗೆ ಧುಮುಕುವುದು ಆಚೆ ದಡದ ಹುಲ್ಲಿಗಾಗಿ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ.

ನನಗೆ ಹುಲ್ಲಿನ ಮೇಲೆ ಇಷ್ಟೇಕೆ ಆಸೆ ಎಂದು ಕೇಳುತ್ತೀಯ. ನಾನು ಹುಟ್ಟಿ ಬೆಳೆದದ್ದು ಕಾವಲಿನ ಪಕ್ಕದಲ್ಲಿ. ಅಜ್ಜಂಪುರದ ಅಮೃತಮಹಲ್ ಕಾವಲು ಎಂದರೆ ಆಗ ಕಣ್ಣು ಹಾಯುವಷ್ಟೂ ಹುಲ್ಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯ ದನಗಳಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರದ ಕಡೆ ನುಗ್ಗಿದ್ದು ಈ ಎತ್ತುಗಳ ಕಾಲಿನಿಂದ ಎಂದು ಮೈಸೂರು ಗೆಜೆಟಿಯರಿನಲ್ಲಿ ಬರೆದಿದೆ. ಆ ದನಗಳನ್ನು ಕೊಟ್ಟಿಗೆಯಲ್ಲಿ ಕಟ್ಟುತ್ತಿರಲಿಲ್ಲ. ಬಿಸಿಲು ಮಳೆಯೆನ್ನದೆ ಬಯಲಲ್ಲೇ ಬೆಳೆದು, ಹಿಂದಕ್ಕೆ ಬಾಗಿದ ಚೂಪು ಕೊಂಬು ಬೀಸಿ ಓಡುತ್ತಿದ್ದವು. ಅವುಗಳ ನಡುವೆಯೇ ಹುಲ್ಲೆಗಳು. ಬೆಳಕು ಹರಿಯುವ ಮುಂಚೆ ನನ್ನಪ್ಪ ನನ್ನನ್ನು ಕರಡದ ಹುಲ್ಲಿನ ಮರೆಯಲ್ಲಿ ಕೂರಿಸಿ, ಭುಜ ಅದುಮಿ, ಮಾತಾಡಬೇಡ ಎಂದು ಸನ್ನೆ ಮಾಡುತ್ತಿದ್ದರು. ಮಂಜಿನಿಂದ ಕರಿ ಗಂಡು ಹುಲ್ಲೆಯೊಂದು ತಿರುಚಿದ ಕೋಡು ಹೊತ್ತು ಬಂದು ನಿಲ್ಲುತ್ತಿತ್ತು. ಒಮ್ಮೆಲೇ ಇಡೀ ಹಿಂಡು ನೆಲಕ್ಕೆ ಕಾಲು ತಾಗದಂತೆ ನೆಗೆದು ಹೋಗುತ್ತಿತ್ತು. ನಾನು ಕಂಡ ಸಫಾರಿ ಅದೇ. ಟಿಕೆಟ್ ಇರಲಿಲ್ಲ, ಅಪ್ಪನ ಕಂಬಳಿ ಇತ್ತು.

ಈಗ ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ನಾನು ಮೇಷ್ಟ್ರಾಗಿ ಸೇರಿದ ಹೊಸದರಲ್ಲಿ ಒಂದು ವನಮಹೋತ್ಸವಕ್ಕೆ ಶಾಲೆಯ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ, ಕಾವಲಿನ ಅಂಚಿನಲ್ಲಿ ನೀಲಗಿರಿ ಸಸಿ ನೆಡಿಸಿದೆ. ಬರಡು ನೆಲವನ್ನು ಹಸಿರು ಮಾಡುತ್ತಿದ್ದೇವೆ ಎಂದು ಭಾಷಣವನ್ನೂ ಮಾಡಿದೆ. ಕಡತಗಳಲ್ಲಿ ಆ ನೆಲದ ಹೆಸರು ಬೀಳು ಎಂದಿತ್ತು, ನಾನೂ ಹಾಗೇ ನಂಬಿದೆ. ನಾಲ್ಕೈದು ವರ್ಷಕ್ಕೆ ಮರ ಎದ್ದು ನಿಂತವು, ಅಡಿಯಲ್ಲಿ ಹುಲ್ಲು ಸತ್ತಿತು. ಹುಲ್ಲೆಗೆ ದೂರದಿಂದಲೇ ತೋಳ ಕಾಣಬೇಕು, ಓಡಲು ಬಯಲಿರಬೇಕು, ಮರದ ಮರೆಯಲ್ಲಿ ಅದು ನಿಲ್ಲುವುದಿಲ್ಲ. ಆ ಅಂಚಿಗೆ ಹುಲ್ಲೆ ಬರುವುದು ನಿಂತೇ ಹೋಯಿತು. ಆಗ ನನ್ನಪ್ಪ ಇನ್ನೂ ಇದ್ದರು, ಒಂದು ಮಾತೂ ಆಡಲಿಲ್ಲ. ಸಾಯುವವರೆಗೂ ಆ ಕಡೆ ಬೆಳಗಿನ ನಡಿಗೆಗೆ ಹೋಗಲಿಲ್ಲ, ಅಷ್ಟೆ. ಐವತ್ತು ವರ್ಷ ಕಳೆದರೂ ಅದು ನನ್ನ ಎದೆಯಲ್ಲಿ ಕೂತಿದೆ.

ಮಾರಾ ಎಂದರೆ ಮಸಾಯ್ ಜನರ ಮಾತಿನಲ್ಲಿ ಚುಕ್ಕೆ ಚುಕ್ಕೆಯಾದದ್ದು ಎಂದು ಅರ್ಥ. ಬಯಲಿನ ಮೇಲೆ ಅಲ್ಲೊಂದು ಇಲ್ಲೊಂದು ಮರ. ಅಷ್ಟೇ ಮರ ಸಾಕು ಆ ಲಕ್ಷಾಂತರ ಪ್ರಾಣಿಗೆ. ಅಲ್ಲಿ ನಿಂತು ನೋಡು, ಇದನ್ನು ಬೀಳು ಎನ್ನಲು ಬಾಯಿ ಬರುತ್ತದೆಯೇ ಅಂತ.

ಆ ಮಸಾಯ್ ಜನರ ಜೊತೆ ಒಂದು ಗಳಿಗೆ ಕೂತು ಬಾ. ಲೋಕದ ದನಗಳನ್ನೆಲ್ಲ ದೇವರು ತಮಗೇ ಇಳಿಸಿಕೊಟ್ಟ ಎಂದು ನಂಬಿದವರು ಅವರು. ದನವಿಲ್ಲದ ಮನುಷ್ಯನಿಗೆ ಅಲ್ಲಿ ಮರ್ಯಾದೆಯಿಲ್ಲ. ನಮ್ಮೂರಿನ ಹಿರಿಯರ ಜೊತೆ ಅವರನ್ನು ಕೂರಿಸಿದರೆ ಭಾಷೆ ಬಾರದಿದ್ದರೂ ಸಂಜೆಯವರೆಗೆ ಎತ್ತಿನ ಸುಳಿ, ಕೊಂಬು, ಗೊರಸಿನ ಮಾತಾಡಿಯಾರು. ಅವರನ್ನು ಕೆಂಪು ಬಟ್ಟೆ ಉಟ್ಟು ನೆಗೆಯುವ ಕುಣಿತದವರು ಎಂದು ಫೋಟೋ ಹಿಡಿದು ಬರಬೇಡ. ಸೆರೆಂಗೆಟಿಯ ಬಯಲಲ್ಲಿ ದನ ಮೇಯಿಸಿಕೊಂಡಿದ್ದವರನ್ನು 1959ರಲ್ಲಿ ಬ್ರಿಟಿಷ್ ಆಡಳಿತ ಎಬ್ಬಿಸಿ ಗೊರೊಂಗೊರೊ ಕಡೆ ಕಳಿಸಿತು. ಇಲ್ಲಿ ನಮ್ಮ ಭದ್ರಾ ಹುಲಿ ಕಾಡಿನೊಳಗಿನ ಹಳ್ಳಿಗಳ ಜನ 2002ರ ಸುಮಾರಿಗೆ ಹೊರಗೆ ಬಂದು, ತರೀಕೆರೆ ಹತ್ತಿರದ ಎಂ.ಸಿ. ಹಳ್ಳಿಯಲ್ಲೂ ಕೆಳಗೂರಿನಲ್ಲೂ ನೆಲೆಯಾದರಲ್ಲ, ಹಾಗೆ. ನಮ್ಮವರಿಗೆ ಜಮೀನು, ಮನೆ ಸಿಕ್ಕಿತು, ಮಕ್ಕಳಿಗೆ ಶಾಲೆ ಹತ್ತಿರವಾಯಿತು. ಆದರೂ ರಾತ್ರಿ ಕಡವೆಯ ಕೂಗು ಕೇಳದೆ ಬಹಳ ದಿನ ನಿದ್ದೆ ಹತ್ತಲಿಲ್ಲ ಎಂದು ಅಲ್ಲಿನ ಮುದುಕರೊಬ್ಬರು ನನ್ನ ಹತ್ತಿರ ಹೇಳಿಕೊಂಡಿದ್ದರು. ಈಚೆಗೆ ಮಾರಾದ ಸುತ್ತ ಮಸಾಯ್ ಕುಟುಂಬಗಳೇ ತಮ್ಮ ಜಮೀನನ್ನು ಒಟ್ಟುಗೂಡಿಸಿ ಕನ್ಸರ್ವೆನ್ಸಿ ಎಂದು ಮಾಡಿಕೊಂಡಿವೆ. ಪ್ರವಾಸಿಗಳ ದುಡ್ಡಿನಲ್ಲಿ ಅವರಿಗೆ ಗುತ್ತಿಗೆ ಹಣ ಸಲ್ಲುತ್ತದೆ, ಸರದಿಯ ಮೇಲೆ ದನವೂ ಮೇಯುತ್ತದೆ. ಸಾಧ್ಯವಾದರೆ ಎರಡು ರಾತ್ರಿ ಅಂಥ ಕಡೆ ಉಳಿದುಕೊ.

ಚೀತಾ ಕಂಡರೆ ಒಂದು ಕ್ಷಣ ನಮ್ಮ ಸೀಮೆಯನ್ನು ನೆನೆ. ಅದಕ್ಕೆ ಕನ್ನಡದಲ್ಲಿ ಸಿವಂಗಿ ಎಂಬ ಹೆಸರಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಪಳಗಿಸಿದ ಚೀತಾ ಬಿಟ್ಟು ಜಿಂಕೆ ಬೇಟೆಯಾಡುವ ಮಾತಿದೆ. ಹುಲ್ಲೆಗೆ ಆ ಓಟ ಬಂದದ್ದೇ ಈ ಪ್ರಾಣಿಯಿಂದ ತಪ್ಪಿಸಿಕೊಳ್ಳಲು ಎನ್ನುತ್ತಾರೆ. ಬೆನ್ನಟ್ಟುವವನು ಹೋಗಿ ಎಷ್ಟು ಕಾಲವಾದರೂ ಓಟ ಮಾತ್ರ ಉಳಿದಿದೆ. 1952ರಲ್ಲಿ ನಮ್ಮ ದೇಶದಲ್ಲಿ ಚೀತಾ ಅಳಿಯಿತೆಂದು ಸಾರಿದರು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟನ್ನು ತಂದು ಕುನೋ ಕಾಡಿಗೆ ಬಿಟ್ಟದ್ದು ನಿನಗೆ ಗೊತ್ತೇ ಇದೆ. ಮಾರಾದಲ್ಲಿ ಚೀತಾಗಳ ಬಗ್ಗೆ ನಡೆಸಿದ ಒಂದು ಅಧ್ಯಯನ 2018ರಲ್ಲಿ ಬಂತು. ಪ್ರವಾಸಿ ವಾಹನ ಹೆಚ್ಚಾಗಿ ಮುತ್ತುವ ಕಡೆ ತಾಯಿ ಚೀತಾ ಒಂದು ಮರಿಯನ್ನು ದೊಡ್ಡದು ಮಾಡುವುದೂ ಅಪರೂಪವಂತೆ, ಜನ ಕಡಿಮೆ ಇರುವ ಕಡೆ ಎರಡಾದರೂ ಉಳಿಯುತ್ತವಂತೆ. ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ವಾಹನ ನಿಲ್ಲಬಾರದು ಎಂಬ ನಿಯಮ ಅಲ್ಲಿದೆ. ನೀನಿರುವ ವಾಹನ ಆರನೆಯದಾದರೆ, ಬೇಡಣ್ಣ, ಮುಂದೆ ಹೋಗೋಣ ಎಂದು ಡ್ರೈವರಿಗೆ ನೀನೇ ಹೇಳು. ಜೊತೆಯವರು ಮುಖ ಸಿಂಡರಿಸಿಕೊಂಡರೂ ಹೇಳು. ನನ್ನ ಮೊಮ್ಮಗಳು ಹೇಳಿಯೇ ಹೇಳುತ್ತಾಳೆ ಎಂಬ ನಂಬಿಕೆ ನನಗಿದೆ.

ಇನ್ನೊಂದು ವಿಷಯ ಓದಿ ನನಗೆ ಬಹಳ ಖುಷಿಯಾಯಿತು. ಅಲ್ಲಿನ ಸ್ವಾಹಿಲಿ ಮಾತಿನಲ್ಲಿ ಸಫಾರಿ ಎಂದರೆ ಬರೀ ಪಯಣ. ವಾಹನಕ್ಕೆ ಗಾರಿ ಎನ್ನುತ್ತಾರೆ. ಅದು ನಮ್ಮ ಗಾಡಿಯೇ, ಕಡಲು ದಾಟಿ ಹೋದದ್ದು. ನೀನು ಇಳಿಯುವ ನೈರೋಬಿ 1899ರಲ್ಲಿ ರೈಲು ಕೆಲಸಕ್ಕಾಗಿ ಎದ್ದ ಊರು. ಆ ಹಳಿ ಹಾಕಲು ಈ ದೇಶದಿಂದ 30,000ಕ್ಕೂ ಹೆಚ್ಚು ಕೂಲಿಗಳು ಹೋದರು, ಸುಮಾರು 2,500 ಜನ ಅಲ್ಲೇ ಪ್ರಾಣ ಬಿಟ್ಟರು. ಅಲ್ಲಿ ಯಾರಾದರೂ ಗಾರಿ ಎಂದರೆ ಅವರನ್ನೂ ನೆನೆದುಕೊ.

ವಾಪಸು ಬಂದ ಮೇಲೆ ಒಂದು ಭಾನುವಾರ ನನಗೆ ಕೊಡು. ಕಡೂರು ತಾಲ್ಲೂಕಿನ ಬಾಸೂರು ಕಾವಲಿಗೆ ಹೋಗೋಣ. 2011ರಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಎಂದು ಸಾರಿದರು. ಏಳು ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೇ. ಸೆರೆಂಗೆಟಿ ಕಂಡ ಕಣ್ಣಿಗೆ ಅದು ಅಂಗೈಯಷ್ಟು. ಆದರೆ ಅಲ್ಲಿ ಇನ್ನೂ ಹುಲ್ಲೆ ನೆಗೆಯುತ್ತದೆ. ಅಪ್ಪ ನನ್ನನ್ನು ಕೂರಿಸಿದ ಹಾಗೆ ನಿನ್ನನ್ನು ಹುಲ್ಲಿನಲ್ಲಿ ಕೂರಿಸಲು ನನ್ನ ಮಂಡಿಗೆ ಆಗುತ್ತದೋ ಇಲ್ಲವೋ. ಈ ಸಲ ನೀನು ನನ್ನನ್ನು ಕೂರಿಸು.

ನನಗೆ ಏನೂ ತರಬೇಡ. ಸಂಜೆ ಮಸಾಯ್ ಹುಡುಗರು ಮುಳ್ಳುಬೇಲಿಯ ಹಟ್ಟಿಗೆ ದನ ಹೊಡೆದುಕೊಂಡು ಬರುವಾಗ ಅವುಗಳನ್ನು ಹೇಗೆ ಕೂಗಿ ಕರೆಯುತ್ತಾರೆ, ಅದನ್ನು ಮಾತ್ರ ಅವರನ್ನು ಕೇಳಿ, ಅವರು ಒಪ್ಪಿದರೆ ಫೋನಿನಲ್ಲಿ ಹಿಡಿದು ತಾ. ಫೆಬ್ರವರಿಯಲ್ಲಿ ನಮ್ಮ ದುರ್ಗಾಂಬೆ ಅಮ್ಮನ ಜಾತ್ರೆಗೆ ಶಿವಮೊಗ್ಗ, ದಾವಣಗೆರೆ ಕಡೆಯಿಂದೆಲ್ಲ ಪಾನಕದ ಗಾಡಿಗಳು ಧೂಳೆಬ್ಬಿಸಿಕೊಂಡು ಬರುವ ಹೊತ್ತಿಗೆ ಅಲ್ಲಿ ದಕ್ಷಿಣದ ಬಯಲಲ್ಲಿ ಮರಿಗಳು ಹುಟ್ಟಿದ ಕೆಲವೇ ನಿಮಿಷಕ್ಕೆ ಎದ್ದು ಓಡುತ್ತಿರುತ್ತವೆ. ನಮ್ಮ ಗಾಡಿಯಲ್ಲಿ ನಿನಗೆ ಮುಂದಿನ ಜಾಗ ಇಟ್ಟಿರುತ್ತೇನೆ. ಎತ್ತು ಕಟ್ಟುವ ಮುಂಚೆ ಆ ಕೂಗನ್ನು ಅವುಗಳಿಗೆ ಕೇಳಿಸೋಣ, ಕಿವಿ ನಿಮಿರಿಸುತ್ತವೋ ನೋಡೋಣ.

ಇತಿ ನಿನ್ನ ಪ್ರೀತಿಯ
ಅಜ್ಜ